ಮಾಳಸಿದ್ದನ ಹಿಂಡಿನ ಎಕ್ಸ್

ರಾಯಬಾಗದಿಂದ ಕುಡಚಿಗೆ ಹೋಗುವ ದಾರಿಯಲ್ಲಿ ಕುರಿಗಾರನೊಬ್ಬ ಎದುರಾದರೆ ಏನು ಬೇಕಾದರೂ ಕೇಳಿ. ಮಳೆ ಹೇಗಾಯಿತು ಕೇಳಿ, ಉಣ್ಣೆಗೆ ಗಿರಾಕಿ ಇದ್ದಾರೆಯೇ ಕೇಳಿ, ಮಗಳ ಮದುವೆ ಮಾತು ಎಲ್ಲಿಗೆ ಬಂತು ಎಂದೂ ಕೇಳಿ. ನಿಂತು, ನಿಮಗೂ ಒಂದಿಷ್ಟು ಎಲೆ ಅಡಿಕೆ ಕೊಟ್ಟು, ಎಲ್ಲವನ್ನೂ ಹೇಳುತ್ತಾನೆ. ಕುರಿ ಎಷ್ಟಿವೆ ಎಂದು ಮಾತ್ರ ಕೇಳಬೇಡಿ. ಕೇಳಿದಿರೋ, ಅವನು ಹಿಂಡಿನ ಕಡೆ ನೋಡದೆ ಆಕಾಶದ ಕಡೆ ನೋಡುತ್ತ "ಅದಾವ ನಾಕ ಮರಿ" ಎನ್ನುತ್ತಾನೆ. ಅವನ ಬೆನ್ನ ಹಿಂದೆ ರಸ್ತೆ ತುಂಬ ಕುರಿ ಬರುತ್ತಿರುತ್ತವೆ, ನಿಮ್ಮ ಮೋಟರ್ ಸೈಕಲ್ಲಿಗೆ ಗೇಣು ಜಾಗವಿರುವುದಿಲ್ಲ. ಆದರೂ ಅವು ನಾಲ್ಕೇ ಮರಿ! ಸುಳ್ಳು ಹೇಳುವ ಚಟವೆಂದು ಬೈಯಬೇಡಿ. ಬಾಯಿಬಿಟ್ಟು ಎಣಿಸಿದ ಹಿಂಡು ಇಳಿಯುತ್ತದೆ ಎಂದು ಅವರ ಹಿರಿಯರು ಹೇಳಿ ಹೋಗಿದ್ದಾರೆ. ಹಾಗೆಂದು ಒಂದು ಕುರಿ ತಪ್ಪಿಸಿಕೊಂಡರೆ ಅವರಿಗೆ ತಿಳಿಯದೆ ಇರುವುದಿಲ್ಲ. ಪ್ರತಿಯೊಂದರ ಮುಖವೂ ಅವರಿಗೆ ಗೊತ್ತು.

ಮನಿಷಾ ಹುಟ್ಟಿದ್ದು ಅಥಣಿ ಕಡೆಯ ಇಂಥದೇ ಒಂದು ಮನೆಯಲ್ಲಿ. ಓದಿನಲ್ಲಿ ಚುರುಕಾಗಿದ್ದಳು. ಒಂಬತ್ತನೆಯ ಇಯತ್ತೆಯ ಪರೀಕ್ಷೆಯಲ್ಲಿ ಅವಳಿಗೊಂದು ಲೆಕ್ಕ ಬಂತು. ಒಬ್ಬ ಕುರಿಗಾರ ತನ್ನ ಹಿಂಡಿನಲ್ಲಿ ಶೇಕಡಾ ಇಪ್ಪತ್ತರಷ್ಟನ್ನು ಮಾರಿದ, ನಲವತ್ತೆಂಟು ಕುರಿ ಉಳಿದವು, ಮೊದಲು ಎಷ್ಟಿದ್ದವು? ಮೊದಲಿದ್ದದ್ದನ್ನು ಎಕ್ಸ್ ಎಂದು ಹಿಡಿದಳು. ಇಪ್ಪತ್ತು ಹೋದರೆ ಉಳಿದದ್ದು ಎಂಬತ್ತು ಪಾಲು. ಎಂಬತ್ತು ಪಾಲಿಗೆ ನಲವತ್ತೆಂಟಾದರೆ ಹತ್ತು ಪಾಲಿಗೆ ಆರು, ನೂರಕ್ಕೆ? ಅಲ್ಲಿಗೆ ಬಂದು ಅವಳ ಪೆನ್ನು ನಿಂತಿತು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಯಾರದೋ ಹಿಂಡು, ಯಾರದೋ ಮನೆಯ ಹೊಟ್ಟೆಪಾಡು, ತಾನೇಕೆ ಬರೆದು ದೃಷ್ಟಿ ಮಾಡಲಿ ಎನಿಸಿತು. ಎಕ್ಸ್ ಸಮ ಎಂದು ಬರೆದು, ಮುಂದೆ "ಹೇಳಬಾರದು" ಎಂದು ಬರೆದಳು.

ಮಾಸ್ತರರು ಅದನ್ನು ಇಡೀ ವರ್ಗಕ್ಕೆ ಓದಿ ಹೇಳಿದರು. ಹುಡುಗರು ಬೆಂಚು ಬಡಿದು ನಕ್ಕರು. ಅವಳ ಸಂಕಟ ಯಾರಿಗೂ ತಿಳಿಯಲಿಲ್ಲ. ಅಂದಿನಿಂದ ಬೀಜಗಣಿತವೆಂದರೆ ಅವಳಿಗೆ ಮೈ ಬಿಸಿಯಾಗುವ ಸಂಗತಿಯಾಯಿತು. ಹತ್ತನೆಯದನ್ನು ಹೇಗೋ ಅಂಚಿಗೆ ನಿಂತು ದಾಟಿದಳು. ಮುಂದೆ ಮದುವೆಯಾಗಿ ರಾಯಬಾಗದ ಸೀಮೆಗೆ, ಮಾಳಸಿದ್ದನ ಮನೆಗೆ ಸೊಸೆಯಾಗಿ ಬಂದಳು. ಗಂಡ ಅಮೋಘಸಿದ್ದ ಮಾತು ಕಡಿಮೆಯ ಮನುಷ್ಯ. ಒಂದು ತುಂಡು ಹೊಲ, ಉಳಿದದ್ದೆಲ್ಲ ಕುರಿ. ಕಬ್ಬು ಕಡಿದ ಮೇಲೆ ಉಗಾರ ಬುದ್ರುಕದ ಹೊಲಗಳಲ್ಲಿ, ಆಮೇಲೆ ಕಾಗವಾಡದ ದ್ರಾಕ್ಷಿ ತೋಟದವರು ಕರೆದಲ್ಲಿ ಹಿಂಡನ್ನು ರಾತ್ರಿ ತರುಬಿ ಗೊಬ್ಬರ ಕೊಡುತ್ತಿದ್ದರು. ಮಳೆಗಾಲಕ್ಕೆ ಊರಿಗೆ ವಾಪಸು.

ಸರಕಾರದವರು ಪಶುಸಖಿ ಎಂಬ ಕೆಲಸ ತಂದಾಗ ಮನಿಷಾ ಹೆಸರು ಕೊಟ್ಟಳು. ಊರಿನ ದನ, ಆಡು, ಕುರಿಗಳಿಗೆ ಜಂತಿನ ಔಷಧಿ ಹಾಕುವುದು, ಗಾಯ ತೊಳೆಯುವುದು, ರೋಗ ಕಂಡರೆ ಡಾಕ್ಟರರಿಗೆ ಸುದ್ದಿ ಮುಟ್ಟಿಸುವುದು ಆ ಹೆಣ್ಣುಮಗಳ ಕೆಲಸ. ತರಬೇತಿ ಮುಗಿಸಿ, ನೀಲಿ ಚೀಲ ಹೆಗಲಿಗೇರಿಸಿ ಮನೆಗೆ ಬಂದ ದಿನ ಮಾಳಸಿದ್ದ ಸೊಸೆಯನ್ನು ನೋಡಿ, "ನಮ್ಮ ಮನ್ಯಾಗ ಒಬ್ಬಾಕಿ ಡಾಕ್ಟರಿಣಿ ಆದ್ಲಲ್ಲೋ" ಎಂದು ಅಂಗಳದ ತುಂಬ ನಕ್ಕ. ಆ ನಗು ಅವಳಿಗೆ ಎಷ್ಟು ಬೇಕಾಗಿತ್ತು ಎಂಬುದು ಅವನಿಗೆ ಗೊತ್ತಿರಲಿಕ್ಕಿಲ್ಲ.

ಮುಂಗಾರು ಶುರುವಾಗುವಾಗ ಮೊದಲ ಔಷಧಿ ಹಾಕಬೇಕು. ಮನೆಯ ಹಿಂಡಿನಿಂದಲೇ ಆರಂಭಿಸೋಣ ಎಂದುಕೊಂಡಳು. ಔಷಧಿ ತರಲು ಹೊರಟವಳು ಅಡ್ಡಬಂದ ಮಾವನನ್ನು ಕೇಳಿಯೇಬಿಟ್ಟಳು.

"ಮಾವಾರ, ಎಷ್ಟ ಕುರಿ ಅಂತ ಹೇಳಲಿರಿ?"

ಮಾಳಸಿದ್ದ ಆಕಾಶ ನೋಡಿದ. "ಅದಾವಲ್ಲ, ನಾಕ ಮರಿ."

ಮುಂದೆ ಕೇಳುವ ಧೈರ್ಯ ಅವಳಿಗಿರಲಿಲ್ಲ, ಕೇಳುವುದು ತಪ್ಪೆಂದೂ ಗೊತ್ತಿತ್ತು. ಕಣ್ಣಂದಾಜಿನಲ್ಲಿ ಒಂದು ಲೀಟರಿನ ಕ್ಯಾನು ತಂದಳು. ಕಣ್ಣಂದಾಜು ಕೈಕೊಟ್ಟಿತು. ದೊಡ್ಡಿಯಲ್ಲಿ ಅಮೋಘಸಿದ್ದ ಒಂದೊಂದೇ ಕುರಿ ಹಿಡಿದು ಕೊಡುತ್ತಿದ್ದ, ಇವಳು ಸೂಜಿಯಿಲ್ಲದ ಪಿಚಕಾರಿಯಿಂದ ಬಾಯಿಗೆ ಹಾಕುತ್ತಿದ್ದಳು. ದೊಡ್ಡದಕ್ಕೆ ಹತ್ತು ಮಿಲಿ, ಮರಿಗೆ ನಾಲ್ಕು. ಕ್ಯಾನಿನ ಮುಕ್ಕಾಲು ಬರಿದಾದರೂ ದೊಡ್ಡಿಯ ಆ ಮೂಲೆ ಹಾಗೇ ತುಂಬಿತ್ತು. ಮೋಡ ಕವಿಯುತ್ತಿತ್ತು, ಆಸ್ಪತ್ರೆ ಮುಚ್ಚುವ ಹೊತ್ತು. ಮಾವ ಬೇಲಿಗೆ ಒರಗಿ ನೋಡುತ್ತಿದ್ದ. ಮೊದಲ ದಿನವೇ ಔಷಧಿ ಸಾಲಲಿಲ್ಲ ಎಂದು ಹೇಗೆ ಹೇಳುವುದು? ನೆಂಟರು ಹೆಚ್ಚಾದರೆ ಸಾರಿಗೆ ಒಂದು ತಂಬಿಗೆ ನೀರು ಹಾಕಿ ಮನೆತನದ ಮರ್ಯಾದೆ ಉಳಿಸುವುದು ನಮ್ಮ ಹೆಣ್ಣುಮಕ್ಕಳ ಹಳೆಯ ವಿದ್ಯೆ. ಅದೇ ವಿದ್ಯೆ ಇಲ್ಲಿಯೂ ಕೈಗೆ ಬಂತು. ಕೊಡದ ನೀರು ಸುರಿದು ಕ್ಯಾನನ್ನು ಮತ್ತೆ ಕಂಠದವರೆಗೆ ತುಂಬಿ, ಕುಲುಕಿ, ಉಳಿದವಕ್ಕೂ ಹತ್ತಕ್ಕೆ ಹತ್ತು, ನಾಲ್ಕಕ್ಕೆ ನಾಲ್ಕು ಅಳೆದು ಹಾಕಿದಳು. ಅಳತೆಯಲ್ಲಿ ಹನಿಯೂ ತಪ್ಪಲಿಲ್ಲ.

ಮಳೆ ಬಿದ್ದಿತು, ಹುಲ್ಲು ಚಿಗುರಿತು, ಹುಲ್ಲಿನೊಂದಿಗೆ ಹುಳವೂ ಹೊಟ್ಟೆ ಸೇರಿತು. ನೀರು ಬೆರೆಸಿದ ಔಷಧಿ ಕುಡಿದ ಕುರಿಗಳು ಸೊರಗತೊಡಗಿದವು. ಕೆಲವು ಮರಿಗಳ ದವಡೆಯ ಕೆಳಗೆ ನೀರು ತುಂಬಿದ ಹಾಗೆ ಬಾವು ಬಂತು. ಅದರಲ್ಲಿ ಒಂದು, ಹಣೆಯ ಮೇಲೆ ಬಿಳಿ ಚುಕ್ಕೆಯ ಕರಿ ಮರಿ, ಒಂದು ಬೆಳಗ್ಗೆ ಏಳಲಿಲ್ಲ. ಮಾಳಸಿದ್ದ ಅದನ್ನು ಕಂಬಳಿಯ ತುದಿಯಲ್ಲಿ ಎತ್ತಿಕೊಂಡು ಹೋಗಿ ಹೊಲದ ಬದುವಿನಲ್ಲಿ ಹೂಳಿ ಬಂದ. ಮನಿಷಾ ಅವನ ಮುಂದೆ ನಿಂತು ನೀರು ಬೆರೆಸಿದ್ದನ್ನು ಹೇಳಿಬಿಟ್ಟಳು. ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

"ಇನ್ನ ನನ್ನ ಕುರಿ ಮುಟ್ಟಬ್ಯಾಡಬೇ" ಎಂದಷ್ಟೇ ಹೇಳಿ ಕಾಲು ತೊಳೆಯಲು ಹೋದ.

ಕೆಟ್ಟ ಸುದ್ದಿಗೆ ಕಾಲು ಹೆಚ್ಚು. ಓಣಿಯ ಇನ್ನೊಂದು ದೊಡ್ಡ ಹಿಂಡಿನ ಒಡೆಯ ಕಾಮಣ್ಣ ಚಹದಂಗಡಿಯಲ್ಲಿ ಕುಳಿತು, "ಸೊಸಿ ಕುರಿ ಎಷ್ಟಂತ ಕೇಳಿದ್ಲಂತ. ಕೇಳಿದ ಮ್ಯಾಲ ಇಳೀದ ಇರ್ತಾವೇನ?" ಎಂದ. ನೀರಿನ ತಪ್ಪು ಮರೆತೇಹೋಗಿ ಎಣಿಕೆಯ ತಪ್ಪು ಊರಿಗೆಲ್ಲ ನಿಂತಿತು. ಮನಿಷಾ ನೀಲಿ ಚೀಲ ಹಾಕಿಕೊಂಡು ಹೋದರೆ ಕುರಿಗಾರರು ದೊಡ್ಡಿಯ ಬಾಗಿಲಿಗೆ ಅಡ್ಡ ಬಂದು ನಿಂತು, ನೀರು ಬೇಕೇ, ಚಹ ಬೇಕೇ ಎಂದು ಬಲು ಮರ್ಯಾದೆಯಿಂದ ಕೇಳಿ ಕಳಿಸುತ್ತಿದ್ದರು. ಮಾವ ತನ್ನ ಹಿಂಡನ್ನು ಮತ್ತೆ ಅವಳ ಕೈಗೆ ಕೊಡದ ಹೊರತು ಈ ಊರಿನಲ್ಲಿ ಬೇರೆ ಯಾವ ದೊಡ್ಡಿಯೂ ಅವಳಿಗೆ ತೆರೆಯುವಂತಿರಲಿಲ್ಲ. ಹಾಗಾದರೆ ಚೀಲವನ್ನು ಮರಳಿ ಕೊಡಬೇಕು. ಅದಕ್ಕಿಂತ ಹೆಚ್ಚಾಗಿ, ಅಂಗಳದ ತುಂಬ ನಕ್ಕಿದ್ದ ಆ ಮನುಷ್ಯ ಈಗ ಅವಳು ಬಡಿಸಿದರೆ ತಲೆ ಎತ್ತದೆ ಉಣ್ಣುತ್ತಿದ್ದ.

ಪಶು ಆಸ್ಪತ್ರೆಯ ಡಾಕ್ಟರ್ ಪ್ರಾಜಕ್ತಾ ಮೀರಜ ಕಡೆಯವರು. ಕನ್ನಡದ ನಡುನಡುವೆ ಮರಾಠಿ ಮಾತು ಹಾಯುತ್ತಿತ್ತು. ಮನಿಷಾ ಚೀಲವನ್ನು ಅವರ ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿ, "ಇದ ನನ್ನ ಕೈಲೆ ಆಗೂದಲ್ಲ ಮ್ಯಾಡಮ್ಮರ, ನನಗ ಲೆಕ್ಕ ಬರೂದಿಲ್ಲ" ಎಂದಳು.

ಡಾಕ್ಟರರು ಚೀಲ ಮುಟ್ಟಲಿಲ್ಲ. ಕಾಗದ ತೆಗೆದರು.

"ಬರಂ, ಆತು. ಔಷಧ ಕ್ಯಾನದಾಗ ಎಷ್ಟ ಉಳದಿತ್ತು?"

"ನಾಕರಾಗ ಒಂದ ಪಾಲು."

"ಅಂದ್ರ ನೂರಕ್ಕ?"

"ಇಪ್ಪತ್ತೈದು."

"ನೀರ ತುಂಬಿದ ಮ್ಯಾಲ ಕ್ಯಾನದಾಗ ಔಷಧ ಶೇಕಡಾ ಇಪ್ಪತ್ತೈದು, ನೀರ ಎಪ್ಪತ್ತೈದು. ಅದರಾಗ ನಾಕ ಮಿಲಿ ಮರಿಗೆ ಹಾಕಿದ್ರಿ. ನಾಕ ಮಿಲಿಯೊಳಗ ಔಷಧ ಎಷ್ಟ ಇತ್ತು?"

ಮನಿಷಾ ಬೆರಳು ಮಡಚಿದಳು. "ಒಂದು."

"ಮೂರು ಕಿಲೋ ತೂಕಕ್ಕ ಒಂದು ಮಿಲಿ ಬೇಕು. ಈಗ ಹೇಳ್ರಿ, ನೀವು ಎಷ್ಟ ಕಿಲೋದ ಮರಿಗೆ ಔಷಧ ಹಾಕಿದ್ರಿ?"

ಮೂರು ಕಿಲೋ. ಅವಳ ಕರಿ ಮರಿ ಹನ್ನೆರಡು ಕಿಲೋದ್ದಿತ್ತು. ಹುಟ್ಟಿದ ವಾರದ ಕೂಸಿಗೆ ಸಾಕಾಗುವಷ್ಟನ್ನು ಅದರ ಬಾಯಿಗೆ ಹಾಕಿ ಬಾಯಿ ಒರೆಸಿ ಕಳಿಸಿದ್ದಳು. ಇಷ್ಟು ದಿನ ಎದೆಯಲ್ಲಿ ಗಂಟಾಗಿದ್ದದ್ದು ಮೂರೇ ಸಾಲಿನಲ್ಲಿ ಕಾಗದದ ಮೇಲೆ ಬಿಡಿಸಿ ಬಿದ್ದಿತ್ತು. ಅವಳಿಗೆ ಅಳು ಬಂತು. ಆದರೆ ಆ ಅಳುವಿನ ಜೊತೆಗೇ ಒಂದು ಸಮಾಧಾನವೂ ಬಂತು. ದೃಷ್ಟಿಯಲ್ಲ, ಶಾಪವಲ್ಲ, ಎಣಿಸಿದ್ದಕ್ಕೂ ಅಲ್ಲ. ತಪ್ಪು ಯಾವ ಜಾಗದಲ್ಲಿ ಆಗಿದೆ ಎಂದು ಬೆರಳಿಟ್ಟು ತೋರಿಸಬಹುದಾದರೆ, ಅದನ್ನು ಮತ್ತೊಮ್ಮೆ ಮಾಡದಿರಲೂಬಹುದು.

"ಲೆಕ್ಕ ಬರೂದಿಲ್ಲ ಅಂದವರ ಮಾಡಿದ್ರಲ್ಲ" ಎಂದರು ಡಾಕ್ಟರರು. "ಮುಂದಿನ ಸಲ ಕುರಿ ಎಷ್ಟಂತ ತಿಳಕೊಂಡ ಬರ್ರಿ, ಅಷ್ಟ ಔಷಧ ಕೊಡತೀನಿ."

"ಅದ ಆಗೂದಿಲ್ರಿ. ಅವರು ಹೇಳೂದಿಲ್ಲ. ನಾ ಕೇಳೂದೂ ಇಲ್ಲ."

ಡಾಕ್ಟರರು ಸಿಟ್ಟಾಗಲಿಲ್ಲ. ಅವರ ಅಜ್ಜಿಯೂ ಕೋಳಿಮರಿಗಳನ್ನು ಎಣಿಸಗೊಡುತ್ತಿರಲಿಲ್ಲವಂತೆ. ಕಾಗದ ಮಗುಚಿ ಬರೆದರು: ದೊಡ್ಡ ಕುರಿ ಎಕ್ಸ್, ಮರಿ ವೈ, ಬೇಕಾದ ಔಷಧಿ ಹತ್ತು ಎಕ್ಸ್ ಕೂಡಿಸು ನಾಲ್ಕು ವೈ. "ಹಿಟ್ಟಿನ ಗಿರಣಿ ಇದ್ದಂಗ ಇದು. ಈ ಕಡೆಯಿಂದ ಒಂದು ಕುರಿ ಹಾಕಿದ್ರ ಆ ಕಡೆ ಹತ್ತು ಮಿಲಿ ಬರತೈತಿ, ಒಂದು ಮರಿ ಹಾಕಿದ್ರ ನಾಕು. ಗಿರಣಿಯವಗ ನಿಮ್ಮ ಮನ್ಯಾಗ ಎಷ್ಟ ಚೀಲ ಜೋಳ ಅದಾವ ಅಂತ ಗೊತ್ತಿರಬೇಕಂತ ಏನಿಲ್ಲ. ಹಾಕಿದಷ್ಟ ಬೀಸತಾನ."

ಮನಿಷಾ ಆ ಸಾಲನ್ನು ನೋಡುತ್ತ ಕುಳಿತಳು. ಒಂಬತ್ತನೆಯ ಇಯತ್ತೆಯಲ್ಲಿ ಎಕ್ಸ್ ಎಂದರೆ ಬಿಚ್ಚಲೇಬೇಕಾದ ಗಂಟು ಎಂದು ಹೇಳಿಕೊಟ್ಟಿದ್ದರು. ಬಿಚ್ಚದೆಯೂ ಅದರಿಂದ ಕೆಲಸ ತೆಗೆಯಬಹುದು ಎಂದು ಯಾರೂ ಹೇಳಿರಲಿಲ್ಲ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಹಾಕಿದಷ್ಟು ಬೀಸುತ್ತಾನೆ ಸರಿ, ಆದರೆ ಹಾಕುವುದೇನನ್ನು? ಆಸ್ಪತ್ರೆಗೆ ಹಿಂಡು ಹೊಡೆದುಕೊಂಡು ಹೋಗಲಾಗುತ್ತದೆಯೇ?

ಮನೆಗೆ ಬಂದಾಗ ಮಾಳಸಿದ್ದ ಕಟ್ಟೆಯ ಮೇಲೆ ಕುಳಿತಿದ್ದ. ಇನ್ನೆರಡು ಮರಿಗಳಿಗೆ ಬಾವು ಕಾಣಿಸಿಕೊಂಡಿತ್ತು. ಅವನ ಮುಖ ಇಳಿದಿತ್ತು. ಸೊಸೆಯನ್ನು ಕಂಡವನೇ ಗಂಟಲು ಸರಿಮಾಡಿಕೊಂಡ.

"ಬಾ ಇಲ್ಲಿ. ಹೇಳತೀನಿ, ಬರಕೋ. ಎಷ್ಟ ಅದಾವ ಅಂತ..."

ಅವನ ಅಪ್ಪ ಹೇಳಿರದ, ಅವನ ಅಜ್ಜ ಹೇಳಿರದ ಮಾತನ್ನು ಹೇಳಲು ಈ ಹಿರಿಯ ಬಾಯಿ ತೆರೆದಿದ್ದ. ಮರಿಗಳು ಬದುಕಿದರೆ ಸಾಕು, ಪಾಪ ತನ್ನ ತಲೆಗಿರಲಿ ಎಂಬ ಹಾಗೆ. ಮನಿಷಾಗೆ ತಡೆಯಲಾಗಲಿಲ್ಲ.

"ಹೇಳಬ್ಯಾಡ್ರಿ ಮಾವಾರ! ನಿಮಗ ಕೈ ಮುಗಿತೀನಿ, ಹೇಳಬ್ಯಾಡ್ರಿ. ಅದು ಗೊತ್ತಿಲ್ಲದನ ಲೆಕ್ಕ ಮಾಡಾಕ ಬರತೈತಿ."

ಮಾಳಸಿದ್ದ ಬಾಯಿ ಮುಚ್ಚಿಕೊಂಡ. ಆಮೇಲೆ ಬಿಟ್ಟ ಉಸಿರು ಒಳಮನೆಗೂ ಕೇಳಿರಬೇಕು.

ಅವಳು ಒಳಗೆ ಹೋಗಿ ಒಂದು ಮೊರದ ತುಂಬ ಗೋವಿನಜೋಳ, ಒಂದು ಬಟ್ಟಲು ಕಡಲೆ, ಒಂದು ಹಳೆಯ ಟವೆಲ್ ತಂದು ಅವನ ಮುಂದಿಟ್ಟಳು. "ನೀವು ಕಣ್ಣ ಮುಚ್ಚಿ ಕೂಡ್ರಿ. ಒಂದೊಂದರ ಮಾರಿ ನೆನಸಿಕೋರಿ. ದೊಡ್ಡದು ನೆನಪಾದ್ರ ಒಂದು ಗೋವಿನಜೋಳ, ಮರಿ ನೆನಪಾದ್ರ ಒಂದು ಕಡ್ಲಿ ಟವೆಲ್‌ದಾಗ ಹಾಕ್ರಿ. ಎಣಸಬ್ಯಾಡ್ರಿ. ನಾನೂ ಎಣಸೂದಿಲ್ಲ."

"ಇದು ಎಣಿಸಿದಂಗ ಆಗೂದಿಲ್ಲೇನ?"

"ಸಂಖ್ಯಾ ಬಾಯಾಗ ಬರೂದಿಲ್ಲ, ಮನಸಿನ್ಯಾಗೂ ಬರೂದಿಲ್ಲ. ಎಣಿಸಿದ್ದ ಹೆಂಗಾತ್ರಿ?"

ಮಾಳಸಿದ್ದ ಈ ನ್ಯಾಯವನ್ನು ತಿರುಗಿಸಿ ಮುರುಗಿಸಿ ನೋಡಿದ. ಎಲ್ಲಿಯೂ ಸಂದು ಸಿಗಲಿಲ್ಲ. ಕಣ್ಣು ಮುಚ್ಚಿದ. "ಕೋಡಗಿವಿ... ಅದರವ್ವ... ಆ ಕುಂಟಿ..." ತುಟಿ ಅಲುಗುತ್ತಿತ್ತು, ಕಾಳು ಬೀಳುತ್ತಿತ್ತು. ನಡುನಡುವೆ ಯಾವುದೋ ಮುಖ ನೆನಪಾಗಿ ತನ್ನಷ್ಟಕ್ಕೆ ನಗುತ್ತಿದ್ದ. ಎಷ್ಟೋ ದಿನಗಳ ಮೇಲೆ ಅವನು ನಕ್ಕದ್ದು ಅಂದೇ. ಕೊನೆಗೆ ಟವೆಲ್ಲಿಗೆ ಗಂಟು ಹಾಕಿ ಸೊಸೆಯ ಕೈಗಿತ್ತ.

ಮನಿಷಾ ಒಂದು ದೊಡ್ಡ ಖಾಲಿ ಕ್ಯಾನು ಇಟ್ಟುಕೊಂಡು ಕುಳಿತಳು. ಗೋವಿನಜೋಳ ಒಂದು ಕೈಗೆ ಬಂದರೆ ಹತ್ತು ಮಿಲಿ ನೀರು ಕ್ಯಾನಿಗೆ, ಕಾಳು ಆಚೆಯ ಬುಟ್ಟಿಗೆ. ಕಡಲೆ ಬಂದರೆ ನಾಲ್ಕು ಮಿಲಿ. ಎಣಿಸುವ ಆಸೆ ಆಗಲಿಲ್ಲವೇ ಎಂದು ನೀವು ಕೇಳಬಹುದು. ಆಯಿತು, ಆಗದೆ ಇರುತ್ತದೆಯೇ? ಹತ್ತನ್ನೇ ಹತ್ತು ಸಲ ಹಾಕಿದರೆ ನೂರು ಎಂದು ತಲೆ ತಾನಾಗಿಯೇ ಓಡುತ್ತದೆ. ಓಡಬಾರದೆಂದು ಅವಳು ಜೋರಾಗಿ ಬೀಸುವ ಪದ ಹಾಡಿಕೊಂಡೇ ಸುರಿದಳು. ಕಾಳು ಮುಗಿದಾಗ ಕ್ಯಾನಿನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಗೆ ಹೊರಗಿನಿಂದ ಸುಣ್ಣದ ಗೆರೆ ಎಳೆದು, ನೀರು ಚೆಲ್ಲಿ, ಕ್ಯಾನು ಒಣಗಿಸಿ ಆಸ್ಪತ್ರೆಗೆ ಒಯ್ದಳು.

"ಈ ಗೆರಿತನಕ ಕೊಡ್ರಿ ಮ್ಯಾಡಮ್ಮರ."

ಡಾಕ್ಟರರು ಗೆರೆಯನ್ನು ನೋಡಿದರು, ಅವಳನ್ನು ನೋಡಿದರು. "ಅರೆ ವಾ!" ಎಂದು ಎದ್ದು ನಿಂತು ತಾವೇ ಔಷಧಿ ತುಂಬಿದರು. ಚೆಲ್ಲಿದ್ದಕ್ಕೆ, ಕುರಿ ಉಗುಳಿದ್ದಕ್ಕೆ ಶೇಕಡಾ ಹತ್ತರಷ್ಟು ಬೇರೆ ಬಾಟಲಿಯಲ್ಲಿ ಕೊಟ್ಟರು. ಆ ಹತ್ತರ ಬುದ್ಧಿ ಮನಿಷಾಗೆ ಹೊಳೆದಿರಲಿಲ್ಲ, ಅದನ್ನೂ ಕಲಿತುಕೊಂಡಳು.

ಮರುದಿನ ಬೆಳಗ್ಗೆ ದೊಡ್ಡಿಯಲ್ಲಿ ಕೆಲಸ ಶುರುವಾಯಿತು. ಅಮೋಘಸಿದ್ದ ಕುರಿ ಹಿಡಿದು ಕೊಟ್ಟ, ಮನಿಷಾ ಔಷಧಿ ಹಾಕಿದಳು, ಮಾಳಸಿದ್ದ ಮತ್ತೆ ಟವೆಲ್ಲಿಗೆ ಕಟ್ಟಿದ ಕಾಳಿನ ಗಂಟು ತೊಡೆಯ ಮೇಲಿಟ್ಟುಕೊಂಡು ಒಂದು ಕುರಿ ಆಚೆ ಹೋದಂತೆ ಒಂದು ಕಾಳನ್ನು ಬುಟ್ಟಿಗೆ ಎಸೆದ. ಎಂದೂ ಆ ಕಡೆ ಸುಳಿಯದ ಕಾಮಣ್ಣ ಕಾಳಿನ ಸುದ್ದಿ ಕೇಳಿ, ಯಾವುದೋ ನೆಪದಿಂದ ಬಂದು ಬೇಲಿಯ ಹೊರಗೆ ನಿಂತಿದ್ದ. ಬಿಸಿಲು ಏರುತ್ತಿತ್ತು. ಈ ಮೂಲೆಯ ಕುರಿಗಳೆಲ್ಲ ಆ ಮೂಲೆಗೆ ಹೋದವು. ಕ್ಯಾನಿನಲ್ಲಿ ಇನ್ನೂ ಔಷಧಿಯಿತ್ತು, ಒಂದು ಹನಿ ನೀರನ್ನೂ ಬೆರೆಸಿರಲಿಲ್ಲ. ಮನಿಷಾ ಸೊಂಟ ನೆಟ್ಟಗೆ ಮಾಡಿ ಮಾವನ ಕಡೆ ತಿರುಗಿದಳು. ಟವೆಲ್ಲಿನಲ್ಲಿ ಒಂದು ಕಡಲೆ ಉಳಿದಿತ್ತು.

"ಏ, ನೋಡ್ರಿ, ಒಂದು ಮರಿ ಉಳದೈತಿ! ಎಲ್ಲೆರ ತಪ್ಪಿಸಿಕೊಂಡ ಹೋತೇನ?" ಎಂದು ಗಂಡನನ್ನು ಕೂಗಿದಳು. ಅಮೋಘಸಿದ್ದ ಬೇಲಿಯ ಸುತ್ತ ಹುಡುಕಿದ. ಅವಳು ಕೊಡದ ಹಿಂದೆ, ಮೇವಿನ ರಾಶಿಯ ಹಿಂದೆ ನೋಡಿದಳು. ಮರಿ ಸಿಗಲಿಲ್ಲ. ಬೇಲಿಯ ಹೊರಗೆ ಕಾಮಣ್ಣ ಕುತ್ತಿಗೆ ಉದ್ದ ಮಾಡಿದ.

"ಹುಡಕಬ್ಯಾಡ್ರಿ" ಎಂದ ಮಾಳಸಿದ್ದ. ಆ ಕಡಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದ. "ಲೆಕ್ಕ ನಿಂದ ತಪ್ಪಿಲ್ಲ ತಂಗಿ. ಇದು ಆ ಚುಕ್ಕಿ ಹಣಿದು. ಕಣ್ಣ ಮುಚ್ಚಿ ಕುಂತಾಗ ಅದರ ಮಾರೀನೂ ಬಂತು. ಇಲ್ಲ ಅನ್ನಾಕ ನನಗ ಆಗಲಿಲ್ಲ. ಹಾಕಿಬಿಟ್ಟೆ."

ಮನಿಷಾ ಅಲ್ಲಿಯೇ, ಕುರಿಗಳ ನಡುವೆ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಮೋಘಸಿದ್ದ ಏನು ಮಾಡಬೇಕೆಂದು ತಿಳಿಯದೆ ಕ್ಯಾನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. ಮಾಳಸಿದ್ದ ಎದ್ದು ಬಂದು ಸೊಸೆಯ ತಲೆಯ ಮೇಲೆ ಕೈಯಿಟ್ಟ. ಅವನ ಕೈ ಉಣ್ಣೆಯ, ಗೊಬ್ಬರದ ವಾಸನೆ ಹೊಡೆಯುತ್ತಿತ್ತು.

"ಸಾಕ ಮಾಡ. ಮುಂದಿನ ಸಲಾನೂ ನೀನ ಹಾಕಬೇಕು."

ಹೀಗೆಂದು ಬೇಲಿಯ ಕಡೆ ತಿರುಗಿದ. ಕಾಮಣ್ಣ ಕಂಬಳಿಯೊಳಗೆ ಏನನ್ನೋ ಮುಚ್ಚಿಕೊಂಡು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ.

"ಏನಪಾ ಕಾಮಣ್ಣ?"

"ಏನಿಲ್ಲ. ನಮ್ಮವೂ ಅದಾವಲ್ಲ... ನಾಕ ಮರಿ" ಎಂದ ಕಾಮಣ್ಣ, ಆಕಾಶ ನೋಡುತ್ತ. ಆಮೇಲೆ ಕಂಬಳಿ ಸರಿಸಿ ಒಂದು ಗಂಟನ್ನು ಬೇಲಿಯ ಮೇಲಿಂದ ಚಾಚಿದ. ಒಂದು ಕೈಯಲ್ಲಿ ನಿಲ್ಲದೆ ಎರಡೂ ಕೈಯಿಂದ ಹಿಡಿಯಬೇಕಾಗಿತ್ತು ಅದನ್ನು. ಬಟ್ಟೆಯೊಳಗೆ ಗೋವಿನಜೋಳ ಜರಜರ ಸದ್ದು ಮಾಡಿತು.

ಮನಿಷಾ ಕಣ್ಣೊರೆಸಿಕೊಂಡು ಮಾವನ ಮುಖ ನೋಡಿದಳು.

"ಆಕೀಗೇ ಕೊಡೋ" ಎಂದ ಮಾಳಸಿದ್ದ. "ನನ್ನ ಸೊಸಿ ಎಣಸೂದಿಲ್ಲ."